ಒಂದೇ ಒಲೆಯ ಮನೆ

ಮದುವೆಯಾಗದ ನಮ್ಮ ಸೋದರಮಾವನ ಮನೆಯಲ್ಲಿ ಒಂದೇ ಮಧ್ಯಾಹ್ನ ಐದು ಜನ ಹುಟ್ಟಿದರು. ಅವರಲ್ಲಿ ಹಿರಿಯಳಿಗೆ ನಲವತ್ತೈದು ವರ್ಷ. ಹೆರಿಗೆ ಮಾಡಿಸಿದವನು ನಾನೇ, ಮಸಿಕುಡಿಕೆಯಿಂದ!

ಆಗ ಎರಡನೆಯ ಮಹಾಯುದ್ಧದ ಕಾಲ. ಜಪಾನಿನವರ ಬಾಂಬಿಗೆ ಹೆದರಿ ಬರ್ಮಾದಿಂದ ನಡೆದು ಬಂದ ತಮಿಳು ಕೂಲಿಗಳು ಹನೂರಿನ ಸುತ್ತ ಕೆಲಸ ಹುಡುಕುತ್ತಿದ್ದರು. ಈ ಊರಿನವರಲ್ಲವೆಂದು ಅವರಿಗೆ ರೇಷನ್ ಕಾರ್ಡಿಲ್ಲ. ಕೆಳಜಾತಿಯವರೆಂದು ಊರೊಳಗೆ ಜಾಗವೂ ಇಲ್ಲ. ಮಾವನಿಗೆ ಇದೊಂದೇ ಹುಚ್ಚು. ದಾರಿಯಲ್ಲಿ ಯಾರು ಸಿಕ್ಕಿದರೂ ಊಟವಾಯಿತೇ ಎಂದು ಕೇಳುತ್ತಿರಲಿಲ್ಲ, "ಕಾರ್ಡು ಅದಾ?" ಎನ್ನುತ್ತಿದ್ದರು. ಅವರಿವರ ಅರ್ಜಿಗಳನ್ನು ಮಡಿಸಿದ ಕೊಡೆಯೊಳಗೆ ತುಂಬಿಕೊಂಡು ಕೊಳ್ಳೇಗಾಲದ ಕಚೇರಿಗೆ ಹೋಗುವರು. ಮಳೆ ಬಂದರೆ ಕೊಡೆ ಬಿಚ್ಚುವುದಿಲ್ಲ. ಅರ್ಜಿ ಉದುರುತ್ತವೆಂದು ತಾವೇ ನೆನೆಯುವರು. ಇಂಥವರಿಗೆ ಯಾರು ಹೆಣ್ಣು ಕೊಟ್ಟಾರು?

ಒಮ್ಮೆ ಗುಮಾಸ್ತರು ರೇಗಿ, "ಅಷ್ಟು ಕನಿಕರ ಇದ್ರೆ ನಿಮ್ಮನೆ ಕಾರ್ಡಿಗೇ ಸೇರಿಸ್ಕೊಳ್ರಿ" ಎಂದರಂತೆ. ಆ ಕೊಂಕನ್ನು ಮಾವ ಅಪ್ಪಣೆಯೆಂದು ತಿಳಿದರು.

ನಾನು ಯಳಂದೂರಿನಲ್ಲಿ ಮೇಷ್ಟರಾಗಿದ್ದೆ, ರಜೆಗೆ ಮಾವನ ಮನೆಗೆ ಬಂದಿದ್ದೆ. ಅಲ್ಲಿನ ಕೊಟ್ಟಿಗೆಯ ಹಿಂದೆ ಬರ್ಮಾದಿಂದ ಬಂದ ವಿಧವೆಯೊಬ್ಬಳು ನಾಲ್ಕು ಮಕ್ಕಳೊಡನೆ ತಂಗಿದ್ದಳು. ಆ ಐವರನ್ನೂ ಮನೆಯ ಕಾರ್ಡಿಗೆ ಸೇರಿಸುವ ಫಾರಂ ಅನ್ನು ಮಾವ ನನ್ನ ಕೈಗೆ ಕೊಟ್ಟರು.

"ಸಂಬಂಧ ಏನಂತ ಬರೀಲಿ ಮಾವ?"

"ಅಕ್ಕ ಅಂತ ಬರಿ. ನಿಮ್ಮವ್ವ ನಂಗೆ ತಂಗಿ. ಅಕ್ಕ ಇಲ್ದೆ ಕೊರತೆಯಾಗಿತ್ತು ಕಣ್ಲಾ."

ಎಂಟು ದಿನದಲ್ಲಿ ರೇಷನ್ ಇನ್‌ಸ್ಪೆಕ್ಟರು ಬಂದರು.

"ಒಂದೇ ಒಲೇಲಿ ಬೇಯಿಸ್ಕೊಂಡು ಉಣ್ಣೋರಿಗೆ ಮಾತ್ರ ಒಂದು ಕಾರ್ಡು. ಸುಳ್ಳಾದ್ರೆ ಇರೋ ಕಾರ್ಡೂ ಹೋಗುತ್ತೆ, ಬರೆದವರ ಮೇಲೆ ಕೇಸೂ ಆಗುತ್ತೆ. ಎಲ್ಲಿ, ಆಯಮ್ಮ ಒಳಗೆ ಹೋಗಿ ಒಲೆ ಮುಂದೆ ಕೂರಲಿ, ನೋಡ್ತೀನಿ."

ಬರೆದವನು ನಾನು. ಮಾವ ಅಡುಗೆಮನೆಯತ್ತ ತಿರುಗಿದರು. ಅಡುಗೆಮನೆ ಅವರ ತಾಯಿಯದು, ನನ್ನ ಅಜ್ಜಿಯದು. ಲಿಂಗಪೂಜೆಯಾಗದೆ ಒಲೆ ಹತ್ತಿಸದವಳು. ಆ ಹೆಂಗಸಿನ ಬೊಗಸೆಗೆ ನೀರನ್ನೂ ಎತ್ತರದಿಂದ ಸುರಿಯುವವಳು.

ಹೆಂಗಸು ಹೊಸ್ತಿಲ ಹೊರಗೆ ನಿಂತಳು. ಕಾಲೆತ್ತಲಿಲ್ಲ. ಒಲೆಯ ಮೇಲೆ ರಾಗಿಹಿಟ್ಟು ಕುದಿಯುತ್ತಿತ್ತು. ಅಜ್ಜಿ ಅವಳನ್ನು ನೋಡಿದಳು, ಮಗನನ್ನು ನೋಡಿದಳು.

"ಯಾಕವ್ವ ನಿಂತ್ಕಂಡೆ? ಹಿಟ್ಟು ತಳ ಇಡೀತದೆ, ಬಂದು ತಿರುವು. ಸೆರಗ ಸುತ್ಕಂಡು ಕೋಲ ಇಡ್ಕೊ, ಕೈ ಸುಡ್ತದೆ."

ಇನ್‌ಸ್ಪೆಕ್ಟರು ಸಹಿ ಹಾಕಿ ಹೋದರು.

ಅವಳು ತಿರುವಿದ ಮುದ್ದೆಯನ್ನು ಅಜ್ಜಿ ಎಲ್ಲರಿಗೂ ಬಡಿಸಿದಳು, ತಾನು ಉಣ್ಣಲಿಲ್ಲ. ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡಳು. ಆ ಸದ್ದು ನಮಗೆಲ್ಲ ಕೇಳಿಸಿತು. ಕೊಟ್ಟಿಗೆಯ ಹಿಂದಿನವಳಿಗೂ ಕೇಳಿಸಿರಬೇಕು. ಮಾವ ತಲೆ ತಗ್ಗಿಸಿ ಕೂತಿದ್ದರು.

ಮಾರನೆಯ ದಿನ ನೋಡಲು ಯಾವ ಅಧಿಕಾರಿಯೂ ಇರಲಿಲ್ಲ. ಆದರೂ ಅಜ್ಜಿ ತಾನಾಗಿ ಕೂಗಿದಳು: "ಬಾರವ್ವ, ಹಿಟ್ಟು ಕುದೀತಾ ಅದೆ." ಮತ್ತೆ ಮಿಂದಳು. ಮೂರನೆಯ ದಿನವೂ ಹಾಗೆಯೇ.

ಹತ್ತು ದಿನವಾಗಿರಬಹುದು, ಖಚಿತವಾಗಿ ಹೇಳಲಾರೆ. ಅಂದು ಹಿಟ್ಟು ತಿರುವಿ ಮುದ್ದೆ ಕಟ್ಟಿದವಳ ಪಕ್ಕದಲ್ಲೇ ಅಜ್ಜಿ ಕೂತು ಉಂಡಳು. ಬಚ್ಚಲು ಒಣಗಿಯೇ ಇತ್ತು. ಮಾವ ಮುರಿದ ತುತ್ತನ್ನು ಕೈಯಲ್ಲೇ ಹಿಡಿದು ತಾಯಿಯನ್ನೇ ನೋಡುತ್ತಿದ್ದರು.