ಎದರಿಗೆ ಕುಂತಾವನ ನೇಮ

ದೇವರು ರುಚಿ ಇದ್ದದ್ದನ್ನೆಲ್ಲಾ ನೆಲದ ಕೆಳಗ ಯಾಕ ಹೂತಿಟ್ಟಾನ ಅನ್ನೋದು ಇಚಲಕರಂಜಿ ಭೂಪಾಲನ ಹಳೇ ತಕರಾರು. ಬಟಾಟಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗಜ್ಜರಿ ಎಲ್ಲಾ ಮಣ್ಣಾಗ. ನೆಲದ ಮ್ಯಾಲೆ ಏನೈತಿ? ಹೀರಿಕಾಯಿ. ವರ್ಷದಾಗ ಎಂಟು ತಿಂಗಳು ಇದರ ಬಗ್ಗೆ ಅವರ ಮನ್ಯಾಗ ಏನೂ ಜಗಳಿಲ್ಲ. ಆದ್ರ ಮಳಿಗಾಲದಾಗ ಚಾತುರ್ಮಾಸ ಸುರುವಾತಂದ್ರ ದೀಪಾವಳಿ ತನಕ ಕಂದಮೂಲ ಪೂರಾ ಬಂದ್. ಭೂಪಾಲನ ಅವ್ವ ಬಸದಿಗೆ ಹೋಗಿ ಇಡೀ ಮನಿ ಪರವಾಗಿ ನೇಮ ಹಿಡದು ಬರ್ತಾಳ. ಭೂಪಾಲನ್ನ ಯಾರೂ ಕೇಳಂಗಿಲ್ಲ. (ಹನ್ನೆರಡು ಮಗ್ಗದ ಮಾಲಕ ಖರೆ. ಆದ್ರ ಅಡಗಿಮನ್ಯಾಗ ಅವನಿಗೆ ಮತ ಹಾಕೋ ಹಕ್ಕಿಲ್ಲ.)

ಈ ವರ್ಷ ಮಾತ್ರ ದೇವರು ಅವನ ಕಡೆ ಕಣ್ಣು ತಗದು ನೋಡಿದ, ಹಾಲೆಂಡದಿಂದ ಒಂದು ಹುಡಿಗಿನ್ನ ಕಳಿಸಿದ. ಹೆಸರು ಮರೈಕಾ. ಕೊಲ್ಲಾಪುರದ ಕಾಲೇಜಿನ್ಯಾಗ ಒಂದು ಸೆಮಿಸ್ಟರ್ ಓದಿ, ಇಚಲಕರಂಜಿ ಮಗ್ಗದ ಮನಿಗಳ ಮ್ಯಾಲೆ ಒಂದು ವರದಿ ಬರದು, ದೀಪಾವಳಿ ಮುಗದ ಮ್ಯಾಲೆ ತಮ್ಮ ಊರಿಗೆ ಹೋಗಾಕಿ. ಭೂಪಾಲನ ಮಗಳು ಪ್ರಿಯದರ್ಶನಿ ಲಗ್ನಾಗಿ ಹೋದಾಗಿಂದ ಮಾಳಿಗಿ ಖೋಲಿ ಖಾಲಿ ಬಿದ್ದಿತ್ತು, ಅಲ್ಲಿ ಇಳಕೊಂಡಳು. ಮರೈಕಾ ಅನ್ನೋದು ಅವ್ವನ ನಾಲಿಗಿಗೆ ಹತ್ತಲಿಲ್ಲ. ಆದಿನಾಥ ಸ್ವಾಮಿ ತಾಯಿ ಹೆಸರು ಮರುದೇವಿ, ಅದನ್ನ ಇಟ್ಟುಬಿಟ್ಟಳು. ಹುಡಿಗಿಗೆ ಕನ್ನಡ ಬರತಿರಲಿಲ್ಲ, ಅವ್ವಗ ಕನ್ನಡ, ಒಂದೀಟು ಮರಾಠಿ ಬಿಟ್ಟು ಬ್ಯಾರೆ ಏನೂ ಬರತಿರಲಿಲ್ಲ. ಆದ್ರೂ ಎರಡನೇ ವಾರಕ್ಕ ಇಬ್ಬರೂ ಕಟ್ಟಿ ಮ್ಯಾಲೆ ಕುಂತು ಶೇಂಗಾ ಸುಲಕೋತ ತಾಸುಗಟ್ಟಲೆ ಮಾತಾಡಾಕತ್ತರು.

ಶನಿವಾರಕ್ಕೊಮ್ಮೆ ಹುಡಿಗಿ ಕೊಲ್ಲಾಪುರಕ್ಕ ಹೋಗಿ ಪ್ರೊಫೆಸರಿಗೆ ಮುಖ ತೋರಿಸಿ ಬರಬೇಕಿತ್ತು. ಪರದೇಶದ ಹೆಣ್ಣಮಗಳು ಎಸ್‌ಟಿ ಬಸ್ಸಿನ್ಯಾಗ ನೂಕ್ಯಾಡಿಕೊಂಡು ಹೋಗೋದು ನಮ್ಮ ಮನೆತನಕ್ಕ ಶೋಭಿಸಂಗಿಲ್ಲ ಅಂತ ಭೂಪಾಲ ತಾನ ಕಾರು ತಗದ. ಗಂಡನ ಈ ಅತಿಥಿಸೇವಾ ನೋಡಿ ಹೆಂಡತಿ ಛಾಯಾಗ ಕಣ್ಣೀರು ಬರೋದೊಂದು ಬಾಕಿ. ಆಕಿಗೆ ಗೊತ್ತಿರಲಾರದ್ದು ಅಂದ್ರ ವಾಪಸ್ ಬರೋ ಹಾದ್ಯಾಗ ಶಿರೋಳಿ ಐತಿ, ಶಿರೋಳಿಯಾಗ ಫೌಂಡ್ರಿಗಳ ಎದರಿಗೆ ಒಂದು ವಡಾಪಾವಿನ ಅಂಗಡಿ ಐತಿ.

ಮೊದಲನೇ ಶನಿವಾರ ಮನಿ ಹೊಸ್ತಿಲಾ ದಾಟೋದ್ರಾಗ ಛಾಯಾ ಮೂಗು ಏರಿಸಿದಳು. ಆ ಮೂಗಿನ ಮುಂದ ಪೊಲೀಸರ ನಾಯಿ ಏನೂ ಅಲ್ಲ.

"ಬೆಳ್ಳುಳ್ಳಿ ವಾಸನಿ ಎಲ್ಲಿಂದ ಬರಾಕತ್ತೈತ್ರಿ?"

ಖರೆ ಮಾತು ಭೂಪಾಲನ ಗಂಟಲದ ತನಕ ಬಂದಿತ್ತು. ನಾಲಿಗಿ ಮಾತ್ರ ಬ್ಯಾರೆ ಹಾದಿ ಹಿಡೀತು.

"ಈ ಹುಡಿಗಿಗೆ ತಡಕೊಳ್ಳಾಕ ಆಗಲಿಲ್ಲ ನೋಡು. ಅವರ ದೇಶದಾಗ ಬಟಾಟಿ ಅಂದ್ರ ನಮ್ಮ ಭಕ್ರಿ ಇದ್ದಂಗ. ಎರಡು ವಡಾ ತಿಂತು, ಪಾಪ. ನಾ ಬರೇ ಎದರಿಗೆ ಕುಂತಿದ್ದೆ."

ಮರೈಕಾ ಹಿಂದ ಚಪ್ಪಲಿ ಬಿಡಾಕತ್ತಿದ್ದಳು. ನಕ್ಕು ತಲಿ ಅಲ್ಲಾಡಿಸಿದಳು. (ಆವಾಗ ಆಕಿ ತಿಳೀಲಿ ಬಿಡಲಿ ಎಲ್ಲಾದಕ್ಕೂ ತಲಿ ಅಲ್ಲಾಡಸತಿದ್ದಳು. ಲೈಟ್ ಬಿಲ್ ಕೊಡಾಕ ಬಂದಾವ ಏನ ಅಂದ್ರೂ ಹಂಗ.) ಛಾಯಾ ಗಲ್ಲಕ್ಕ ಕೈ ಹಚ್ಚಿದಳು. ಆಕಿಗೆ ಮರುಕ ಬಂದದ್ದು ಹುಡಿಗಿ ಮ್ಯಾಲಲ್ಲ, ವಡಾದ ಮುಂದ ಕುಂತೂ ಒಂದು ತುಣುಕು ಮುಟ್ಟದ ಗಂಡನ ಮ್ಯಾಲೆ. ಆವತ್ತು ಹೊತ್ತು ಮುಳಗೋದ್ರಾಗ ಊಟಕ್ಕ ಕುಂತಾಗ ಅವನ ತಾಟಿಗೆ ಒಂದು ಚಮಚ ತುಪ್ಪ ಹೆಚ್ಚಿಗಿ ಬಿತ್ತು.

ಒಂದು ಸುಳ್ಳಿಗೆ ತುಪ್ಪ ಸಿಕ್ಕಮ್ಯಾಲೆ ಇನ್ನೇನು ಕೇಳ್ತೀರಿ. ಶನಿವಾರಕ್ಕೊಂದು ಶಿರೋಳಿ, ಶಿರೋಳಿಗೊಂದು ಸುಳ್ಳು, ಸುಳ್ಳಿಗೊಂದು ಚಮಚ ತುಪ್ಪ. ಅಂಗಡ್ಯಾಗ ಹುಡಿಗಿ ಮಾತ್ರ ಬಾಳಿಹಣ್ಣು ತಿಂತಿದ್ದಳು, ಇಲ್ಲಾ ಛಾಯಾನ ತವರು ಗಡಹಿಂಗ್ಲಜದಿಂದ ಬಂದ ಹುರದ ಶೇಂಗಾ. (ಶೇಂಗಾನೂ ಮಣ್ಣಾಗಿಂದ ಬರ್ತೈತಿ, ಅದಕ್ಯಾಕ ಮಾಫಿ ಅಂತ ಭೂಪಾಲ ಹಿಂದೊಮ್ಮೆ ವಾದ ಮಾಡಿದ್ದ. ಹಂಗಿದ್ರ ಶೇಂಗಾನೂ ಬಂದ್ ಮಾಡೋಣ ಅಂತ ಅವ್ವ ಅಂದಕೂಡಲೆ ವಾದ ಅಲ್ಲೇ ಮುಗೀತು.) ಪರದೇಶದ ಹೊಟ್ಟಿ, ಎಣ್ಣಿಗೆ ಅಂಜತೈತಿ ಅಂತ ಭೂಪಾಲ ತನ್ನಷ್ಟಕ್ಕ ತಾನ ತಿಳಕೊಂಡ. ಯಾಕ ತಿನ್ನಂಗಿಲ್ಲ ಅಂತ ಕೇಳಾಕ ಹೋಗಲಿಲ್ಲ. ಕೇಳಿದ್ರ ಆಕಿ ಏನರ ಹೇಳ್ಯಾಳು ಅನ್ನೋ ಅಂಜಿಕಿ ಇತ್ತೋ ಏನೋ.

ಹುಡಿಗಿ ಹೋಗಾಕ ಮೂರು ವಾರ ಇತ್ತು. ಒಂದಿನ ಮುಂಜಾನಿ ಅವ್ವ ಭೂಪಾಲನ್ನ ಕರದು ಎದರಿಗೆ ಕುಂದರಿಸಿಕೊಂಡಳು. ದೀಪಾವಳಿ ಮುಗದ ರವಿವಾರ ಬಸದ್ಯಾಗ ನೇಮ ನಡಸಿದವರಿಗೆಲ್ಲಾ ಸತ್ಕಾರ ಇತ್ತು. ಮರುದೇವಿನ್ನೂ ಅವರ ಸಾಲಿನ್ಯಾಗ ಕುಂದರಿಸಬೇಕಂತ ಅವ್ವನ ಆಸೆ. ದಿನಾ ತನ್ನ ಜೋಡಿ ಬಸದಿಗೆ ಬರ್ತಾಳ, ಹೊತ್ತು ಮುಳಗೋದ್ರಾಗ ಊಟ ಮಾಡ್ತಾಳ.

"ಆದ್ರ ನಿನ್ನ ಹೆಂಡತಿ ಆಕಿ ಶನಿವಾರ ಬಟಾಟಿ ತಿಂತಾಳ ಅಂತಾಳ. ಬಸದಿ ಕಟ್ಟಿ ಮ್ಯಾಲೆ ಹುಡಿಗಿನ್ನ ಕೇಳಿದ್ರ ಇಲ್ಲವ್ವ, ನಾ ತಿಂದಿಲ್ಲ ಅಂತೈತಿ. ಎದರಿಗೆ ಕುಂತಾವ ನೀನು. ತಿಂದಾಳೋ ಇಲ್ಲೋ ನೀನ ಹೇಳು."

ಇಲ್ಲ ಅಂದ್ರ ಮುಗದಿತ್ತು. ಎರಡಕ್ಷರದ ಮಾತು. ಭೂಪಾಲ ಮಗ್ಗದ ಕಡೆ ನೋಡಿದ, ಗ್ವಾಡಿ ನೋಡಿದ, ಕಡೀಕ ತನ್ನ ಕಾಲುಂಗುಟ ನೋಡಕೋತ ಹೇಳಿದ.

"ಹೋಗಲಿ ಬಿಡವ್ವಾ. ಸಣ್ಣ ಹುಡಿಗಿ."

ಅವ್ವಗ ಅಷ್ಟ ಸಾಕಾತು, ಹುಡಿಗಿ ತಿಂದಾಳ ಅಂತ ತಿಳಕೊಂಡಳು. ತಿಂದದ್ದಕ್ಕ ಆಕಿಗೆ ಸಿಟ್ಟಿರಲಿಲ್ಲ, ಬಸದಿ ಕಟ್ಟಿ ಮ್ಯಾಲೆ ಕುಂತು ಸುಳ್ಳು ಹೇಳಿದಳಲ್ಲಾ ಅಂತ ಭಾಳ ನೊಂದಳು. ಮರುದಿನದಿಂದ ಶೇಂಗಾ ಒಬ್ಬಾಕಿನ ಸುಲಿಯಾಕತ್ತಳು. ಛಾಯಾನೂ ಹುಡಿಗಿ ಜೋಡಿ ಎಷ್ಟು ಬೇಕೋ ಅಷ್ಟ ಮಾತು. ಮರೈಕಾ ಎರಡು ದಿನ ಕಟ್ಟಿ ಹತ್ತರ ಬಂದು ನಿಂತು ನೋಡಿದಳು, ಮೂರನೇ ದಿನ ಮಾಳಿಗಿಗೆ ಹೋಗಿ ಹದಿನೈದು ದಿನ ಮೊದಲ ಚೀಲ ತುಂಬಾಕ ಸುರು ಮಾಡಿದಳು. ತಪ್ಪು ಮಾಡಿದವರಿಗೆ ಮುಖ ತೋರಸಾಕ ಆಗಂಗಿಲ್ಲ ನೋಡ್ರಿ ಅಂದಳು ಛಾಯಾ. ಹೌದೌದು ಅಂದ ಭೂಪಾಲ, ತನ್ನ ಮುಖಕ್ಕ ಪೇಪರ್ ಅಡ್ಡ ಹಿಡದು.

ಆ ಶನಿವಾರ ವಾಪಸ್ ಬರೋವಾಗ ಕಾರಿನ್ಯಾಗ ಹುಡಿಗಿ ತಾನ ಮಾತು ತಗದಳು. ಈಗ ಆಕಿಗೆ ಕನ್ನಡ ಬರತಿತ್ತು, ಅದೂ ಅಚ್ಚ ಅವ್ವನ ಕನ್ನಡ.

"ಕಾಕಾ, ಅವ್ವ ನನ್ನ ಕೂಡ ಮಾತಾಡವಲ್ಲಳು. ನಾ ಏನ ತಪ್ಪ ಮಾಡೇನ್ರಿ?"

ಇನ್ನ ಹೇಳೇಬಿಡತೇನಿ ಅಂತ ಭೂಪಾಲ ಗಾಡಿ ಬಾಜೂಕ ಹಚ್ಚಿದ. ಹಚ್ಚಿ ನೋಡಿದ್ರ ಅದು ಶಿರೋಳಿ. ಅಂಗಡಿಯಾಂವ ದೂರಿಂದ ಕೈ ಎತ್ತಿ ಎರಡು ವಡಾ ಎಣ್ಣ್ಯಾಗ ಬಿಟ್ಟಾಗಿತ್ತು. ಭೂಪಾಲ ತಿಂದ. ಭಾಳ ನಾಚಿಕಿಯಿಂದ ತಿಂದ. ಆ ನಾಚಿಕಿಗೆ ಮೂರನೇ ವಡಾ ಹೇಳಲಿಲ್ಲ ಅನ್ನೋದೂ ಖರೆ. ಬಾಯಾಗ ವಡಾ ಇಟಗೊಂಡು, ನೀ ಯಾಕವ್ವ ಇದನ್ನ ತಿನ್ನಂಗಿಲ್ಲ ಅಂತ ಮೂರು ತಿಂಗಳದ ಮ್ಯಾಲೆ ಮೊದಲನೇ ಸಲ ಕೇಳಿದ.

ಅವ್ವನ್ನ ನೋಡಿ ತಾನೂ ನೇಮ ಹಿಡದೇನಿ ಅಂದಳು ಹುಡಿಗಿ. ಬಂದ ಮೊದಲನೇ ವಾರದಿಂದ. ನೇಮ ಮಾಡಿದವರು ಹೇಳಿಕೋತ ತಿರಗಬಾರದಂತ ಅವ್ವನ ಕಲಿಸಿದ್ದಳು, ಅದಕ ಅವ್ವಗೂ ಹೇಳಿಲ್ಲ. ಹಾಲೆಂಡದಾಗ ತಾಯಿಗೆ ಫೋನ್ ಮಾಡಿ ಬಟಾಟಿ ಬಿಟ್ಟೇನಿ ಅಂದ್ರ ಆಕಿ ನಕ್ಕಳಂತ, ನಂಬಲಿಲ್ಲಂತ. ಇಷ್ಟು ಹೇಳಿ ಹುಡಿಗಿ ಬಾಳಿಹಣ್ಣಿನ ಸಿಪ್ಪಿ ಮಡಚಿ ಬುಟ್ಟ್ಯಾಗ ಹಾಕಿದಳು. ಭೂಪಾಲಗ ಬಾಯಾಗಿನ ತುತ್ತು ನುಂಗಾಕೂ ಬರವಲ್ದು, ಉಗಳಾಕೂ ಬರವಲ್ದು. ಇಂಥಾ ಹುಡಿಗಿನ್ನ ಕಳ್ಳಿ ಮಾಡಿದ್ನೆಲ್ಲಾ ಅಂತ ಆವತ್ತು ರಾತ್ರಿ ನಿದ್ದಿ ಹತ್ತಲಿಲ್ಲ.

ಹೇಳಬೇಕಂತ ಮುಂದ ಎಂಟು ದಿನ ಹೆಣಗ್ಯಾಡಿದ. ಛಾಯಾನ್ನ ಕರದು, ನಿನಗೊಂದು ಮಾತು ಹೇಳಬೇಕು ಅಂತ ಸುರು ಮಾಡಿ, ಮಗ್ಗದ ಪಟ್ಟಾ ಹರದೈತಿ ಅಂತ ಮುಗಿಸಿದ. ಅವ್ವನ ಹತ್ತರ ಹೋಗಿ ಕಾಲು ಒತ್ತಿದ. ಏನಾತೋ ನಿನಗ, ಜ್ವರ ಬಂದಾವೇನು ಅಂತ ಅವ್ವ ಹಣಿ ಮುಟ್ಟಿ ನೋಡಿದಳು. ಹಿಂಗ ದೀಪಾವಳಿ ಮುಗೀತು, ರವಿವಾರ ಬಂತು.

ಬಸದಿ ಸಭಾಗೃಹ ತುಂಬಿತ್ತು. ನೇಮ ನಡಸಿದವರ ಹೆಸರು ಓದಾಕ ಕಮಿಟಿ ಅಧ್ಯಕ್ಷ ಅಭಯಕುಮಾರಣ್ಣ ಮೈಕ್ ಹಿಡದ. ಮರೈಕಾ ಕಡೀ ಸಾಲಿನ್ಯಾಗ ಚಪ್ಪಲಿ ಬಿಡೋ ಜಾಗಾದ ಹತ್ತರ ಕುಂತಿದ್ದಳು. ಹೆಸರು ಓದಿ ಮುಗಿಸಿ ಅಭಯಕುಮಾರಣ್ಣ ದನಿ ಏರಿಸಿದ. ನೇಮ ಎಲ್ಲಾರೂ ಮಾಡ್ತಾರ. ಆದ್ರ ಹದಿನಾಕು ಶನಿವಾರ ವಡಾದ ಎದರಿಗೆ ಕುಂತು, ವಾಸನಿ ಕುಡದು, ಒಂದು ತುಣುಕೂ ಮುಟ್ಟದ ಸಂಯಮಿ ನಮ್ಮ ಊರಾಗ ಒಬ್ಬರ ಅದಾರ ಅಂದ. ಛಾಯಾ ಮಹಿಳಾ ಮಂಡಳದಾಗ ಎಲ್ಲಾ ಹೇಳಿದ್ದಳು. ಭೂಪಾಲಗ ತಿಳಿಯೋದ್ರಾಗ ತಲಿ ಮ್ಯಾಲೆ ಕೇಸರಿ ಕೊಲ್ಲಾಪುರಿ ಫೇಟಾ, ಒಂದು ಕೈಯಾಗ ಟೆಂಗಿನಕಾಯಿ, ಇನ್ನೊಂದ್ರಾಗ ಮೈಕ್. ಸಂಯಮದ ಬಗ್ಗೆ ಎರಡು ಮಾತು ಹೇಳ್ರಿ ಅಂದರು.

ಭೂಪಾಲ ಕಡೀ ಸಾಲು ನೋಡಿದ. ಮೈಕಿನ ಗದ್ದಲದಾಗ ಮಾತು ಪೂರಾ ತಿಳೀದ ಹುಡಿಗಿ ಅವನಿಗಾಗಿ ಚಪ್ಪಾಳಿ ಬಡಿಯಾಕತ್ತಿದ್ದಳು. ಅದನ್ನ ನೋಡಿ ಮೈಕ್ ಬಾಯಿ ಹತ್ತರ ತಗೊಂಡ.

"ವಡಾ ತಿಂದಾವ ನಾನ್ರಿ. ಆ ಹುಡಿಗಿ ಒಂದು ತುಣುಕೂ ಮುಟ್ಟಿಲ್ಲ."

ಮೊದಲಿನಕಿಂತ ಜೋರು ಚಪ್ಪಾಳಿ ಬಿದ್ದವು. ಅಭಯಕುಮಾರಣ್ಣ ಅವನ ಹೆಗಲ ಮ್ಯಾಲೆ ಕೈ ಇಟ್ಟು, ಅತಿಥಿ ಮರ್ಯಾದಿ ಉಳಸಾಕ ತಪ್ಪು ತನ್ನ ಮ್ಯಾಲೆ ಹಾಕ್ಕೊಂಡಾನ, ಇದಕ್ಕ ತ್ಯಾಗ ಅಂತಾರ ಅಂತ ಸಾರಿದ. ಹೆಣ್ಣಮಕ್ಕಳು ಕಣ್ಣು ಒರಸಿಕೊಂಡರು. ಛಾಯಾ ಸೆರಗಿನ್ಯಾಗ ಮುಖ ಮುಚ್ಚಿದ್ದಳು. ಹುಡಿಗಿ ಮ್ಯಾಲೆ ಮಾತ್ರ ಎಲ್ಲಾರ ಕಣ್ಣು ಕೆಂಡ.

ಖರೇನ ನಾನ ತಿಂದೇನ್ರಿ ಅಂತ ಭೂಪಾಲ ಬಸದಿ ಕಂಬ ಮುಟ್ಟಿ ಹೇಳಿದ. ಜನ ನಕ್ಕರು. (ಸುಳ್ಳು ಹೇಳಿದಾಗ ನಂಬಿದವರು ಖರೆ ಹೇಳಿದ್ರ ನಗತಾರ, ಏನ ಮಾಡ್ತೀರಿ.) ಆವಾಗ ಭೂಪಾಲಗ ತಾ ಪಾಪಿ ಅಂತ ಸಾಬೀತ ಮಾಡಾಕ ಒಂದ ಹಾದಿ ಉಳೀತು.

"ಕೇಳ್ರಿ ಹಂಗಾರ. ಶಿರೋಳಿಯಾಗ ಮೊದಲನೇ ಘಾಣ, ಅಂದ್ರ ಮೊದಲನೇ ಸಲ ಎಣ್ಣ್ಯಾಗ ಬಿಟ್ಟ ವಡಾ, ತಿನ್ನಬಾರದು. ಎಣ್ಣಿ ಕಾದಿರಂಗಿಲ್ಲ, ಒಳಗ ಹಿಟ್ಟು ಹಸೀದ ಉಳೀತೈತಿ. ಎರಡನೇ ಘಾಣಕ್ಕ ಕಾಯಬೇಕು. ಕಚ್ಚಿದ್ರ ಮ್ಯಾಲಿನ ತೊಗಟಿ ಕರ್ರ ಅಂತೈತಿ, ಒಳಗ ಬಟಾಟಿ ಬೆಣ್ಣಿ ಆಗಿರತೈತಿ. ನಡುವ ಜಜ್ಜಿದ ಬೆಳ್ಳುಳ್ಳಿ ಹಲ್ಲಿಗೆ ಸಿಗತೈತಿ. ಎಣ್ಣ್ಯಾಗ ಉದರಿದ ಪುಡಿ ಇರತೈತೆಲ್ಲಾ, ಅದನ್ನ ಕೇಳಿ ಪಾವಿನ್ಯಾಗ ತುಂಬಿಸ್ಕೋಬೇಕು, ಕೇಳದಿದ್ರ ಕೊಡಂಗಿಲ್ಲ. ಕಡೀ ತುತ್ತಿಗೆ ಹುರದ ಮೆಣಸಿನಕಾಯಿ ಇಟಗೋಬೇಕು. ಅದನ್ನ ಮೊದಲ ತಿಂದಾವ ಹುಚ್ಚ."

ಭೂಪಾಲ ಕಣ್ಣು ಮುಚ್ಚಿಕೊಂಡು ಹೇಳಾಕತ್ತಿದ್ದ. ಕಣ್ಣು ತಗದಾಗ ಇಡೀ ಸಭಾ ಬಾಯಿ ತಗದು ಕುಂತಿತ್ತು. ಅಭಯಕುಮಾರಣ್ಣ ಬಾಯಾಗಿನ ನೀರು ನುಂಗಿದ್ದು ಮೈಕಿನ್ಯಾಗ ಎಲ್ಲಾರಿಗೂ ಕೇಳಿಸಿತು. ಎದರಿಗೆ ಬರೇ ಕುಂತಾವಗ ಇಷ್ಟೆಲ್ಲಾ ಗೊತ್ತಾಗಂಗಿಲ್ಲ ಅಂತ ಸಣ್ಣ ಕೂಸಿಗೂ ತಿಳದಿತ್ತು. ಛಾಯಾ ಸೆರಗು ಕೆಳಗ ಬಿಟ್ಟಳು. ಹದಿನಾಕು ಚಮಚ ತುಪ್ಪ ಆಕಿ ಕಣ್ಣಾಗ ಕಾಯಾಕತ್ತಿತ್ತು.

ಅವ್ವ ಎದ್ದಳು. "ಸಾಕು. ಫೇಟಾ ತಗಿ" ಅಂದಳು. ಫೇಟಾ, ಟೆಂಗಿನಕಾಯಿ ಎರಡೂ ಕಸಕೊಂಡು, ಜನರ ನಡುವ ಹಾದಿ ಮಾಡಿಕೋತ ಚಪ್ಪಲಿ ತನಕ ಹೋಗಿ, ಹುಡಿಗಿ ತಲಿ ಮ್ಯಾಲೆ ಫೇಟಾ ಇಟ್ಟಳು. ಅದು ಕಣ್ಣಿನ ತನಕ ಇಳೀತು. ಆಮ್ಯಾಲೆ ಎಪ್ಪತ್ತೆಂಟು ವರ್ಷದ ಆ ಮುದಕಿ ಹುಡಿಗಿ ಮುಂದ ಎರಡೂ ಕೈ ಜೋಡಿಸಿದಳು.

"ನಿನ್ನ ಸುಳ್ಳಿ ಅಂತ ತಿಳಕೊಂಡೆ, ಮರುದೇವಿ. ಕ್ಷಮಾ ಮಾಡವ್ವ."

ತನ್ನ ತಪ್ಪಿಗೆ ಹೆತ್ತ ತಾಯಿ ಕೈ ಮುಗಿಯೋದನ್ನ ನೋಡಿದ ಭೂಪಾಲಗ ಭೂಮಿ ಬಾಯಿ ತಗದು ನುಂಗಿದ್ರ ಸಾಕನಿಸಿತು. (ಅಲ್ಲಿ ಬಟಾಟಿ ಜೋಡಿ ಆರಾಮ ಇರಬಹುದಿತ್ತು ಅಂತ ಆಮ್ಯಾಲೆ ಜನ ಅಂದರು. ಆವತ್ತು ಅವನಿಗೆ ಬಟಾಟಿ ನೆನಪೂ ಇರಲಿಲ್ಲ.) ಹುಡಿಗಿ ಅವ್ವನ ಕೈ ಬಿಡಿಸಿ, ಕೊರಳಿಗೆ ಬಿದ್ದು ಅತ್ತಳು. ಅವ್ವ ಆಕಿ ಹೆಗಲ ಮ್ಯಾಲಿಂದನ ಮಗನಿಗೆ ಶಿಕ್ಷೆ ಹೇಳಿದಳು. ಎಲ್ಲಾರ ನೇಮ ಮುಗದೈತಿ, ನಿಂದು ನಾಳಿಂದ ಸುರು, ನಾಕು ತಿಂಗಳು.

ಮಂಗಳವಾರ ಹುಡಿಗಿನ್ನ ರೈಲಿಗೆ ಬಿಡಾಕ ಮನಿ ಮಂದಿ ಎಲ್ಲಾ ಕಾರಿನ್ಯಾಗ ಕೊಲ್ಲಾಪುರಕ್ಕ ಹೊಂಟರು. ಎರಡು ದಿನದಿಂದ ಛಾಯಾ ಗಂಡನ ಕೂಡ ಮಾತು ಬಿಟ್ಟಿದ್ದಳು. ಶಿರೋಳಿ ಬಂದಾಗ ಭೂಪಾಲ ಮುಂದ ನೋಡಿಕೋತ ಗಾಡಿ ಜೋರು ಮಾಡಿದ.

"ಕಾಕಾ, ನಿಲ್ಲಸ್ರಿ" ಅಂದಳು ಮರೈಕಾ. ನೇಮ ಮುಗದ ಮ್ಯಾಲೆ ಬಟಾಟಿಯ ಮೊದಲನೇ ತುತ್ತು ಇಲ್ಲೇ ತಿನ್ನಬೇಕಂತ ಮಾಡಿದ್ದಳಂತ.

ಅಂಗಡಿಯಾಂವ ಯಾರನ್ನೂ ಕೇಳಲಿಲ್ಲ, ರೂಢಿ ಪ್ರಕಾರ ಎರಡು ವಡಾ ತಂದು ಭೂಪಾಲನ ಮುಂದ ಇಟ್ಟ. ಭೂಪಾಲ ತಾಟು ಆಕಡೆ ದೂಡಿದ.

"ಇವು ಹುಡಿಗಿಗೆ. ನಾ ಬರೇ ಎದರಿಗೆ ಕೂಡ್ತೇನಿ."

ಅಂಗಡಿಯಾಂವ ಹೊಟ್ಟಿ ಹಿಡಕೊಂಡು ನಕ್ಕ. ಮಾಲಕರ, ಮೂರು ತಿಂಗಳಾತು, ಈ ಪೋರಿ ಬಾಳಿಹಣ್ಣು ಬಿಟ್ಟು ಏನರ ಮುಟ್ಟ್ಯಾಳೇನು, ಯಾರಿಗೆ ಹೇಳ್ತೀರಿ ಇದನ್ನ ಅಂತ ಮರಾಠಿಯಾಗ ಇಡೀ ರಸ್ತಾಕ್ಕ ಕೇಳೋಹಂಗ ಅಂದ. ಅವ್ವ ಕಾರಿನ್ಯಾಗ ಕುಂತಲ್ಲೇ ಕಿವಿ ಮುಚ್ಚಿಕೊಂಡಳು. ಹುಡಿಗಿ ವಡಾ ಕೈಯಾಗ ಹಿಡದು ಭೂಪಾಲನ್ನ ನೋಡಿದಳು.

"ಇದು ಎರಡನೇ ಘಾಣನ ಹೌದಲ್ರಿ ಕಾಕಾ?"

"ಕೇಳವ್ವ, ಚಲೋ ಕೇಳು. ಅವರಿಗೆ ಎಲ್ಲಾ ಗೊತ್ತು" ಅಂದಳು ಛಾಯಾ. ಎರಡು ದಿನದಾಗ ಆಕಿ ಆಡಿದ ಮೊದಲನೇ ಮಾತು ಅದು.

ಭೂಪಾಲ ಕೆಳಗ ನೋಡಿಕೋತ, ತಪ್ಪಾತವ್ವ, ನಿನ್ನ ಹೆಸರ ಕೆಡಿಸಿದೆ ಅಂದ. ಹುಡಿಗಿ ಬಾಯಿ ತುಂಬ ವಡಾ ಇತ್ತು. ನಕ್ಕು ತಲಿ ಅಲ್ಲಾಡಿಸಿದಳು, ಈ ಸಲ ತಿಳದು ಅಲ್ಲಾಡಿಸಿದಳು. ಆಮ್ಯಾಲೆ ತನ್ನ ಚೀಲದಾಗಿಂದ ಒಂದು ಬಾಳಿಹಣ್ಣು ತಗದು ಅವನ ಮುಂದ ಇಟ್ಟಳು. ಭೂಪಾಲ ಅದರ ಸಿಪ್ಪಿ ಸುಲಕೋತ ಎದರಿಗೆ ಕುಂತ.