ಸಿಟ್ಟಿಗೆ ಇಸ್ಪೀಟಿನ ಮದ್ದು

ಸಿಟ್ಟಿನ ಮನುಷ್ಯ ನಗೆಪಾಟಲಾಗುವ ಸಂದರ್ಭಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ವಿಳಾಸ ವಿಚಾರಿಸಿಕೊಂಡು ಮನೆಗೆ ಬರುತ್ತವೆ. ನನ್ನನ್ನು ಹುಡುಕಿಕೊಂಡು ಒಮಾನಿಗೂ ಬಂದವು.

ಎರಡು ಸಾವಿರದ ದಶಕದ ನಡುವಿನ ಮಾತು. ಸೊಹಾರ್ ಬಂದರಿನ ಪಕ್ಕದ ಕಾರ್ಖಾನೆಯೊಂದರಲ್ಲಿ ನಾನು ಟೆಕ್ನಿಷಿಯನ್. ಹೆಂಡತಿ, ನಾಲ್ಕು ವರ್ಷದ ಮಗಳು ಇಬ್ಬರೂ ಮೈಸೂರಿನಲ್ಲಿ. ನನ್ನ ಕಾಂಟ್ರ್ಯಾಕ್ಟ್ ಮುಗಿಯಲು ಆರು ತಿಂಗಳು ಉಳಿದಿತ್ತು. ಅದು ಮುಂದುವರಿದು, ಜೊತೆಗೆ ಕಂಪನಿ ಫ್ಯಾಮಿಲಿ ಸ್ಟೇಟಸ್ಸನ್ನೂ ಕೊಟ್ಟರೆ ಅವರಿಬ್ಬರನ್ನು ಕರೆಸಿಕೊಳ್ಳಬಹುದಿತ್ತು. ಅದಕ್ಕೆ ಅಡ್ಡ ನಿಂತಿದ್ದವನು ಒಬ್ಬನೇ, ನಾನು.

೧. ಔಷಧ ಬರೆದುಕೊಟ್ಟವರು

ಒಂದು ದಿನ ವಾಲ್ವ್ ಒಂದು ಏನು ಮಾಡಿದರೂ ತೆರೆಯಲಿಲ್ಲ. ಸಿಟ್ಟು ನೆತ್ತಿಗೇರಿ ಹೆಲ್ಮೆಟ್ ಕಿತ್ತು ನೆಲಕ್ಕೆ ಎಸೆದೆ. ಅದು ಉರುಳುತ್ತಾ ಹೋಗಿ ರೌಂಡ್ಸಿಗೆ ಬಂದಿದ್ದ ಮ್ಯಾನೇಜರರ ಕಾಲ ಬುಡದಲ್ಲಿ ನಿಂತಿತು. ಅವರು ಒಮಾನಿ, ಧ್ವನಿ ಏರಿಸಿದ್ದನ್ನು ಯಾರೂ ಕೇಳಿದವರಿಲ್ಲ. ಬಗ್ಗಿ ಹೆಲ್ಮೆಟ್ ಎತ್ತಿಕೊಂಡರು, ಧೂಳು ಒರೆಸಿದರು, ತಾವೇ ನನ್ನ ತಲೆಗೆ ಇಟ್ಟರು. ಆಮೇಲೆ ಮೆತ್ತಗೆ, "ಇದು ಇನ್ನೊಮ್ಮೆ ಕೆಳಗೆ ಬಿದ್ದರೆ ಖಲಾಸ್. ನೀನು ಊರಿಗೆ," ಎಂದರು. ಬೈದಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಸಂಜೆ ಫ್ಲ್ಯಾಟಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂತೆ. ನನ್ನ ಜೊತೆ ಇನ್ನಿಬ್ಬರು ಇದ್ದರು. ಒಬ್ಬರು ಮಂಗಳೂರಿನ ಸ್ಟೋರ್ ಕೀಪರ್. ವಯಸ್ಸಿನಲ್ಲಿ ಹಿರಿಯರು, ಪ್ರತಿ ಶುಕ್ರವಾರ ತಪ್ಪದೆ ಮೀನುಸಾರು ಮಾಡುವವರು. ಇನ್ನೊಬ್ಬರು ಹುಬ್ಬಳ್ಳಿಯ ವೆಲ್ಡಿಂಗ್ ಇನ್‌ಸ್ಪೆಕ್ಟರ್.

ಸ್ಟೋರ್ ಕೀಪರ್ ಎಲ್ಲ ಕೇಳಿಸಿಕೊಂಡು, "ನಿಮ್ಗೆ ಸಿಟ್ಟು ಬರುದು ತೊಂದ್ರೆ ಅಲ್ಲ ಮಾರಾಯ್ರೆ. ಅದು ಮುಖದಲ್ಲಿ ಕಾಣುದು ತೊಂದ್ರೆ. ನೀವು ಪೋಕರ್ ಆಡಿ," ಎಂದರು.

ಪಣಕ್ಕೆ ಖರ್ಜೂರ ಸಾಕು, ದುಡ್ಡಿನ ಮಾತೇ ಬೇಡ ಎಂದೂ ಅವರೇ ಹೇಳಿದರು. ಕೊನೆಗೆ ಸೋತವನು ಶುಕ್ರವಾರದ ಊಟದ ಪಾತ್ರೆ ತಿಕ್ಕಬೇಕು. ಆಟವನ್ನೂ ಅವರೇ ಕಲಿಸಿದರು. ಕೈಗೆ ಐದು ಎಲೆ. ಒಳ್ಳೆಯ ಎಲೆ ಬಂದವನು ಪಣ ಏರಿಸುತ್ತಾನೆ, ಹೆದರಿದವನು ಎಲೆ ಮಗುಚಿಟ್ಟು ಹೊರಗೆ ಹೋಗುತ್ತಾನೆ. ಕೈಯಲ್ಲಿ ಕಸವಿದ್ದರೂ ಚಿನ್ನವಿದ್ದವನ ಹಾಗೆ ಕೂರುವುದೇ ಜಾಣತನ.

ಆ ಶುಕ್ರವಾರ ಮೊದಲ ಆಟದಲ್ಲೇ ನನಗೆ ಮೂರು ರಾಜರು ಬಂದರು. ಕುರ್ಚಿಯಿಂದ ಎದ್ದು, "ಬನ್ರೋ ಈಗ!" ಎಂದು ಮೇಜು ಕುಟ್ಟಿದೆ. ಇಬ್ಬರೂ ಒಂದೇ ಉಸಿರಿನಲ್ಲಿ ಎಲೆ ಮಗುಚಿದರು. ಮೂರು ರಾಜರನ್ನು ಕರೆತಂದು ನಾನು ಗೆದ್ದದ್ದು ಎರಡು ಖರ್ಜೂರ.

"ಸಿಟ್ಟು ಮಾತ್ರ ಅಲ್ಲ, ಸಂತೋಷವನ್ನು ಸಹ ಒಳಗೆ ಇಡ್ಲಿಕ್ಕುಂಟು," ಎಂದರು ಸ್ಟೋರ್ ಕೀಪರ್. "ಈಗ ಪಾತ್ರೆ ತಿಕ್ಕಿ."

"ಗೆದ್ದದ್ದು ನಾನಲ್ವಾ?"

"ಮೇಜು ಕುಟ್ಟಿದ್ದಕ್ಕೆ."

೨. ಪಣವನ್ನೇ ನುಂಗಿದವರು

ಹುಬ್ಬಳ್ಳಿಯವರ ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ತಿಳಿಯುತ್ತಿದ್ದದ್ದು ಬಾಯಿ ನೋಡಿದರೆ. ಕೆಟ್ಟ ಎಲೆ ಬಂದರೆ ಅವರಿಗೆ ಕಳವಳ, ಕಳವಳವಾದರೆ ಎದುರಿಗಿದ್ದ ಖರ್ಜೂರ ಒಂದೊಂದಾಗಿ ಬಾಯಿಗೆ. ಇದನ್ನು ಮೊದಲು ಕಂಡುಹಿಡಿದವನು ನಾನು. ಗುಟ್ಟನ್ನು ಯಾರಿಗೂ ಹೇಳದೆ ಕಾದೆ. ನನ್ನಂಥವನಿಗೆ ಅದೇ ದೊಡ್ಡ ತಪಸ್ಸು.

ಒಂದು ಶುಕ್ರವಾರ ಅವರು ಎಲೆ ನೋಡಿದ್ದೇ ತಡ ತಿನ್ನಲು ಶುರು ಮಾಡಿದರು. ಒಂದಲ್ಲ, ಎರಡಲ್ಲ, ಆರು. ಬೀಜಗಳ ಗುಡ್ಡೆ ಬೆಳೆಯಿತು. ನನ್ನ ಕೈಯಲ್ಲಿ ಒಂದು ಜೋಡಿ ರಾಣಿ ಮಾತ್ರ, ಆದರೂ ಎದೆ ಗಟ್ಟಿ ಮಾಡಿ ಎರಡು ಖರ್ಜೂರ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ನಡುವೆ ತಳ್ಳಿದೆ. ಅವರು ಅಗಿಯುತ್ತಲೇ ಎಲೆ ಬಿಡಿಸಿಟ್ಟರು. ನಾಲ್ಕು ಎಕ್ಕ!

"ಮತ್ಯಾಕ್ರೀ ತಿಂತಿದ್ರಿ?" ಎಂದು ಚೀರಿದೆ.

"ಮುಂಜಾನಿಂದ ಏನೂ ತಿಂದಿದ್ದಿಲ್ರೀ. ಹೊಟ್ಟಿ ಹಸದಿತ್ತು," ಎಂದರು ಪಾಪ, ನಿಜವಾದ ಅಚ್ಚರಿಯಿಂದ. ಗೆದ್ದ ಖರ್ಜೂರವನ್ನೂ ಆಟ ಮುಗಿಯುವುದರೊಳಗೆ ತಿಂದು ಮುಗಿಸಿದ್ದರಿಂದ, ಲೆಕ್ಕದ ಪ್ರಕಾರ ಆ ದಿನ ಸೋತವರೂ ಅವರೇ. ಚೀರಿದ ತಪ್ಪಿಗೆ ಪಾತ್ರೆ ತಿಕ್ಕಲು ನಾನೂ ಅವರ ಪಕ್ಕದಲ್ಲಿ ನಿಂತೆ.

೩. ನೀರಿನ ಬಹುಮಾನ

ಸ್ಟೋರ್ ಕೀಪರ್ ಇನ್ನೊಂದು ಉಪಾಯ ಹೇಳಿಕೊಟ್ಟರು. "ಸಿಟ್ಟು ಬಂದ ಕೂಡ್ಲೇ ಒಂದು ಗುಟುಕು ನೀರು ಕುಡೀರಿ. ಬಾಯಲ್ಲಿ ನೀರಿದ್ದವ ಬಯ್ಯುದು ಹ್ಯಾಗೆ?"

ಆಟದಲ್ಲಿ ಇದು ಕೆಲಸಕ್ಕೆ ಬರಲಿಲ್ಲ. ನಾನು ಬಾಟಲಿಗೆ ಕೈ ಹಾಕಿದರೆ, ಕೆಟ್ಟ ಎಲೆ ಬಂತೆಂದು ತಿಳಿದು ಇಬ್ಬರೂ ಪಣ ಏರಿಸುತ್ತಿದ್ದರು. ಆದರೆ ಪ್ಲಾಂಟಿನಲ್ಲಿ ಅದ್ಭುತವಾಗಿ ನಡೆಯಿತು. ಸ್ಪ್ಯಾನರ್ ಜಾರಿತೇ, ಒಂದು ಗುಟುಕು. ಕೆಲಸ ಶುರು ಮಾಡಲು ಬೇಕಾದ ಪರ್ಮಿಟ್ ಬರಲು ಎರಡು ಗಂಟೆ ತಡವೇ, ಅರ್ಧ ಬಾಟಲಿ. ಒಂದು ದಿನ ಕ್ರೇನಿನವನು ನನ್ನ ಟೂಲ್ ಬಾಕ್ಸ್ ಮೇಲೆಯೇ ಪೈಪು ಇಳಿಸಿದ. ಅಂದು ಪೂರ್ತಿ ಎರಡು ಬಾಟಲಿ ಇಳಿಸಿದೆ. ತಿಂಗಳುಗಟ್ಟಲೆ ಹೆಲ್ಮೆಟ್ ತಲೆಯ ಮೇಲೆಯೇ ಉಳಿಯಿತು.

ಜುಲೈ ತಿಂಗಳು. ಬಿಸಿಲಿಗೆ ಜನ ಬೀಳುತ್ತಾರೆಂದು ಸೇಫ್ಟಿಯವರು ನೀರು ಕುಡಿಯುವ ಅಭಿಯಾನ ನಡೆಸುತ್ತಿದ್ದರು. ಒಂದು ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಸೇಫ್ಟಿ ಆಫೀಸರ್ ನನ್ನನ್ನು ಮುಂದೆ ಕರೆದರು. ಇಡೀ ಪ್ಲಾಂಟಿನಲ್ಲಿ ಅತಿ ಹೆಚ್ಚು ನೀರು ಕುಡಿಯುವ ಜವಾಬ್ದಾರಿಯುತ ನೌಕರನೆಂದು ಹೊಗಳಿ, ಕೈಗೊಂದು ಥರ್ಮಾಸ್ ಕೊಟ್ಟರು. ಮ್ಯಾನೇಜರೇ ಮೊದಲು ಚಪ್ಪಾಳೆ ತಟ್ಟಿದರು. ಸಾಲಿಗೆ ವಾಪಸ್ ಬಂದಾಗ ಹಿಂದೆ ನಿಂತಿದ್ದ ಸ್ಟೋರ್ ಕೀಪರ್ ಕಿವಿಯಲ್ಲಿ ಹೇಳಿದರು: "ಪಾಪ, ಅವರಿಗೆ ಗೊತ್ತಿಲ್ಲ. ಇದು ಇಡೀ ಪ್ಲಾಂಟಿಗೆ ದೊಡ್ಡ ಸಿಟ್ಟಿನವನಿಗೆ ಸಿಕ್ಕಿದ ಪ್ರೈಜು."

೪. ಕಾಂಟ್ರ್ಯಾಕ್ಟ್

ಆರು ತಿಂಗಳು ತುಂಬಿತು. ಮ್ಯಾನೇಜರ್ ಕೋಣೆಗೆ ಕರೆದು, ಅರಬ್ಬರ ಕಾಫಿ ಕಹ್ವಾ ಕೊಟ್ಟು, "ನಿನ್ನ ಕಾಂಟ್ರ್ಯಾಕ್ಟ್ ಇನ್ನೆರಡು ವರ್ಷ ಮುಂದುವರಿಸುತ್ತೇವೆ," ಎಂದರು. ನನ್ನೊಳಗೆ ಡೊಳ್ಳು ಬಾರಿಸಿದಂತಾಯಿತು. ಆದರೆ ಆರು ತಿಂಗಳ ಅಭ್ಯಾಸ ನೋಡಿ, ಮುಖ ತಾನಾಗಿಯೇ ಗಟ್ಟಿಯಾಯಿತು. ಅವರು ನನ್ನನ್ನೇ ನೋಡಿದರು. ನಾನು ಕಹ್ವಾ ಗುಟುಕರಿಸಿದೆ.

"ತೃಪ್ತಿಯಿಲ್ಲವೇ? ಸರಿ, ಫ್ಯಾಮಿಲಿ ಸ್ಟೇಟಸ್ ಕೂಡ."

ಬಾಯಿ ತೆರೆದರೆ ಅತ್ತುಬಿಡುತ್ತೇನೆಂದು ಇನ್ನೊಂದು ಗುಟುಕು ಕುಡಿದೆ. ಅವರು ನಿಟ್ಟುಸಿರು ಬಿಟ್ಟು ಕುರ್ಚಿಗೆ ಒರಗಿದರು. "ಭಾರೀ ಗಟ್ಟಿ ಮನುಷ್ಯನಪ್ಪ ನೀನು. ಆಯ್ತು, ಎರಡು ಕೋಣೆಯ ಫ್ಲ್ಯಾಟ್. ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ."

ಆಗ ಎದ್ದು ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಹೆಲ್ಮೆಟ್ ಎಸೆದ ದಿನವೇ ಊರಿಗೆ ಅಟ್ಟಬಹುದಾಗಿದ್ದ ಮನುಷ್ಯ ಅವರು. ಹಾಗೆ ಮಾಡದೆ ಆರು ತಿಂಗಳು ಕಾದರು. ಆ ಋಣ ಇವತ್ತಿಗೂ ನನ್ನ ಮೇಲಿದೆ. ಮಧ್ಯಾಹ್ನ ಅವರು ಸ್ಟೋರಿಗೆ ಹೋಗಿ, "ನಿನ್ನ ಗೆಳೆಯನನ್ನು ಯಾವ ಕಂಪನಿ ಕರೆಯುತ್ತಿದೆ?" ಎಂದು ಕೇಳಿದರಂತೆ. ಸ್ಟೋರ್ ಕೀಪರ್ ಮುಖ ಅಲುಗಿಸದೆ, "ನಂಗೆ ಹೇಳ್ಲಿಕ್ಕೆ ಆಗುದಿಲ್ಲ ಸಾರ್," ಎಂದರಂತೆ. ಹೇಳುವುದಕ್ಕೆ ಏನೂ ಇರಲಿಲ್ಲವಲ್ಲ, ಹೇಗೆ ಹೇಳಿಯಾರು?

೫. ಮೈಸೂರಿಗೆ ಫೋನು

ಸಂಜೆ ಮೂವರೂ ಸೂಪರ್ ಮಾರ್ಕೆಟ್ಟಿನ ಹೊರಗಿನ ಫೋನ್ ಬೂತಿಗೆ ಹೋದೆವು. ಕಾರ್ಡು ಹಾಕಿ ಹೆಂಡತಿಗೆ ಫೋನು ಮಾಡಿದೆ. ದಾರಿಯುದ್ದಕ್ಕೂ ಕುಣಿಯುತ್ತಿದ್ದವನಿಗೆ ರಿಸೀವರ್ ಹಿಡಿದ ಕೂಡಲೇ ಅದೇನಾಯಿತೋ, ಧ್ವನಿ ಅವಳು ಎಂದೂ ಕೇಳಿರದಷ್ಟು ತಣ್ಣಗಾಗಿಬಿಟ್ಟಿತು.

"ನೋಡು, ಕಾಂಟ್ರ್ಯಾಕ್ಟ್ ಮುಂದುವರೀತು. ಫ್ಯಾಮಿಲಿ ಸ್ಟೇಟಸ್ ಸಿಕ್ಕಿದೆ. ಫ್ಲ್ಯಾಟೂ ಕೊಡ್ತಾರೆ," ಎಂದೆ.

ಆ ಕಡೆಯಿಂದ ಮೂಗು ಎಳೆಯುವ ಸದ್ದು.

"ಕೆಲಸ ಹೋಯ್ತಾ?" ಎಂದಳು.

"ಇಲ್ಲ ಕಣೇ, ಸಿಕ್ಕಿದೆ."

"ನನ್ನ ಹತ್ರ ಯಾಕೆ ಮುಚ್ಚಿಡ್ತೀರಿ? ಹೋದ್ರೆ ಹೋಗ್ಲಿ ಬಿಡಿ. ಮನಸ್ಸಿಗೆ ಹಚ್ಕೋಬೇಡಿ. ವಾಪಸ್ ಬಂದ್ಬಿಡಿ, ಇರೋದ್ರಲ್ಲೇ ಹೇಗೋ ಬದುಕೋಣ. ನಾನು ಟ್ಯೂಷನ್ ಹೇಳ್ಕೊಡ್ತೀನಿ."

ಕೆಲಸ ಹೋಯಿತೆಂದು ನಂಬಿಯೂ ಒಂದು ಬಿರುಸು ಮಾತಿಲ್ಲ. ಇಂಥವಳು ಸಿಕ್ಕಿದ್ದು ನನ್ನ ಪುಣ್ಯ. ಆದರೆ ನಂಬಿಸುವುದು ಹೇಗೆ? ಇನ್ನಷ್ಟು ಸಮಾಧಾನದಿಂದ ಬಿಡಿಸಿ ಹೇಳಿದೆ. ನಾನು ಸಮಾಧಾನ ಮಾಡಿದಷ್ಟೂ ಅವಳ ಅಳು ಜೋರಾಯಿತು. ತನ್ನ ಅಮ್ಮನನ್ನೂ ಕರೆದಳು. ಅವರೂ ಫೋನು ತೆಗೆದುಕೊಂಡು, "ಧೈರ್ಯವಾಗಿರಪ್ಪ, ದೇವರಿದ್ದಾನೆ," ಎಂದು ಸಮಾಧಾನ ಹೇಳಿ ಅವಳಿಗೇ ವಾಪಸ್ ಕೊಟ್ಟರು. ಇತ್ತ ಕಾರ್ಡಿನ ನಿಮಿಷಗಳು ಕರಗುತ್ತಿದ್ದವು.

"ಪ್ಲಾಂಟಲ್ಲಿ ಯಾರಿಗಾದ್ರೂ ಹೊಡೆದ್ರಾ?" ಎಂದು ಮೆಲ್ಲಗೆ ಕೇಳಿದಳು.

ಅಷ್ಟೇ. ಆರು ತಿಂಗಳ ಸಾಧನೆ ಅಲ್ಲೇ ಮಣ್ಣುಗೂಡಿತು.

"ಏ, ತಲೆ ಕೆಟ್ಟಿದೆಯೇನೇ ನಿಂಗೆ! ಆಗಿನಿಂದ ಕೆಲಸ ಸಿಕ್ಕಿದೆ, ಸಿಕ್ಕಿದೆ ಅಂತ ಬಡ್ಕೋತಾ ಇದೀನಿ, ಕಿವಿಗೆ ಏನು ಹತ್ತಿ ತುರ್ಕೊಂಡಿದೀಯಾ!"

ಸೂಪರ್ ಮಾರ್ಕೆಟ್ಟಿನಿಂದ ಹೊರಬರುತ್ತಿದ್ದವರೆಲ್ಲ ತಿರುಗಿ ನೋಡಿದರು. ಆ ಕಡೆ ಅಳು ಟಕ್ಕನೆ ನಿಂತಿತು. ಆಮೇಲೆ ಅವಳು ಮನೆಯೆಲ್ಲ ಕೇಳುವ ಹಾಗೆ ಕೂಗಿದಳು:

"ಅಮ್ಮಾ, ನಿಜವಂತೆ! ಬೈತಾ ಇದ್ದಾರೆ!"