ಕಿವಿಯಲ್ಲಿ ಕೂತ ಗುರು

ಸೀತಾಂಗೋಳಿಯಲ್ಲಿ ಬ್ಲೌಸ್ ಹೊಲಿಯುವವಳೊಬ್ಬಳು ಕಾದಂಬರಿ ಬರೆದರೆ ಊರು ಅವಳನ್ನು ಸುಮ್ಮನೆ ಬಿಡುವುದಿಲ್ಲ. ಪುಸ್ತಕ ಬಂದ ಮೇಲೆ ನನಗೆ ಒಂದಲ್ಲ ಒಂದು ಆಗುತ್ತಲೇ ಇದೆ. ಬರೆಯುತ್ತಿದ್ದಾಗಲೂ ಆಗುತ್ತಿತ್ತು.

ಮೊದಲು ಕಾದಂಬರಿಯ ವಿಷಯ ಹೇಳಿಬಿಡುತ್ತೇನೆ. ಒಬ್ಬ ಹುಡುಗ. ಓದು ಮುಗಿದಿದೆ, ಕೈಯಲ್ಲಿ ಫೋನ್ ಇದೆ, ಮನಸ್ಸಿನಲ್ಲಿ ಯಾರ ಮೇಲೆಂದು ಅವನಿಗೇ ಗೊತ್ತಿಲ್ಲದ ಸಿಟ್ಟಿದೆ. ಫೋನಿನೊಳಗಿನ ಗುರುವೊಬ್ಬ ಆ ಸಿಟ್ಟಿಗೆ ವಿಳಾಸ ಬರೆದುಕೊಡುತ್ತಾನೆ: ತಪ್ಪು ನಿನ್ನದಲ್ಲ, ಹೆಂಗಸರದ್ದು, ಆಚೆಯವರದ್ದು. ಹುಡುಗ ದಿನದಿಂದ ದಿನಕ್ಕೆ ಮನೆಯವರಿಗೆ ಅಪರಿಚಿತನಾಗುತ್ತಾನೆ.

ಇದನ್ನು ನಾನು ಕಲ್ಪಿಸಿಕೊಳ್ಳಬೇಕಾಗಿರಲಿಲ್ಲ. ನನ್ನ ಅಕ್ಕನ ಮಗನೇ ಹಾಗಾಗಿದ್ದ. ಎರಡೂ ಕಿವಿಗೆ ಇಯರ್‌ಬಡ್ ಸಿಕ್ಕಿಸಿಕೊಂಡರೆ ತೆಗೆಯುವುದು ಮಲಗುವಾಗ ಮಾತ್ರ. ಅಕ್ಕನ ಮನೆ ನಮ್ಮ ಪಕ್ಕದಲ್ಲೇ. ಬೆಳಿಗ್ಗೆ ಅವಳು ಮಗನಿಗೆ ಬುದ್ಧಿ ಹೇಳಲು ಶುರು ಮಾಡಿದರೆ ನಮಗೆ ಕೇಳುತ್ತದೆ, ನಮ್ಮ ಆಚೆಮನೆಗೆ ಕೇಳುತ್ತದೆ, ಅವನಿಗೊಬ್ಬನಿಗೆ ಕೇಳುವುದಿಲ್ಲ.

"ತಿರುಗಿ ಬೈಯಲಿ ಮಾರಾಯ್ತಿ, ಅಷ್ಟು ಸಾಕು ನನಗೆ. ಇವ ಕೇಳುವುದೇ ಇಲ್ಲವಲ್ಲ. ನನ್ನ ಮಗ ಕೈ ತಪ್ಪಿ ಹೋದ" ಎಂದು ಅಕ್ಕ ನನ್ನ ಅಂಗಡಿಯ ಸ್ಟೂಲಿನಲ್ಲಿ ಕೂತು ಅತ್ತದ್ದುಂಟು. ನನಗೂ ತಡೆಯಲಾರದ ಸಂಕಟ. ಹೊಲಿಯುವುದು ಬಿಟ್ಟರೆ ನನಗೆ ಬರುತ್ತಿದ್ದದ್ದು ಬರೆಯುವುದು ಒಂದೇ. ಬರೆದೆ.

ಫೋನು ಕೆಟ್ಟದ್ದು

ಗುರುಗಳು ಹೇಗೆ ಮಾತಾಡುತ್ತಾರೆ ಎಂದು ತಿಳಿಯಬೇಕಲ್ಲ. ಕಾಜಾ ಹೊಲಿಯುತ್ತಾ, ಹುಕ್ಕು ಹಾಕುತ್ತಾ ಅವರ ವಿಡಿಯೋ ನೋಡತೊಡಗಿದೆ. ಸ್ವಲ್ಪ ದಿನದಲ್ಲಿ ನನ್ನ ಫೋನಿಗೆ ನಾನು ಕೆಲಸವಿಲ್ಲದ ಗಡ್ಡದ ಹುಡುಗ ಎಂದು ಖಾತ್ರಿಯಾಯಿತು. ಮೊದಲೆಲ್ಲ ಬ್ಲೌಸಿನ ಕುತ್ತಿಗೆಯ ಡಿಸೈನು ತೋರಿಸುತ್ತಿದ್ದ ಬಡಪಾಯಿ ಫೋನು ಈಗ ಬೆಳಗಾದರೆ ತೋಳು ಬೆಳೆಸುವ ಪುಡಿ ಕೊಳ್ಳಲು ಹೇಳುತ್ತಿತ್ತು.

ಒಂದು ದಿನ ಮದುವೆ ಹುಡುಗಿಯ ತಾಯಿ ಬಂದು, "ಬೆನ್ನಿನ ಡಿಸೈನು ಹೊಸತು ಎಂತದ್ದಾದರೂ ಉಂಟಾ?" ಎಂದರು. ಅಭ್ಯಾಸಬಲದಿಂದ ಫೋನನ್ನೇ ಅವರ ಕೈಗೆ ಕೊಟ್ಟೆ. ಕೋಟು ಹಾಕಿದ ಗುರುವೊಬ್ಬ ಮೇಜು ಕುಟ್ಟಿ, "ಹೆಂಗಸಿನ ಮಾತು ಕೇಳಿದವನು ಗಂಡಸೇ ಅಲ್ಲ!" ಎಂದು ಗರ್ಜಿಸಿದ. ನಾನು ಗಾಬರಿಯಾಗಿ ಕೈ ಚಾಚಿದೆ, ಅವರು ಕೊಡಲಿಲ್ಲ. ಪೂರ್ತಿ ನೋಡಿದರು. ನೋಡಿ ಮುಗಿಸಿ ನಿಧಾನವಾಗಿ ಕೇಳಿದರು:

"ಈ ಜನಕ್ಕೆ ಕೋಟು ಹೊಲಿದದ್ದು ಯಾರು? ಹೆಗಲು ಸರಿ ಕೂತೇ ಇಲ್ಲ."

ಕೊಡೆ

ಆ ಮಳೆಗಾಲದಲ್ಲಿ ಅಕ್ಕನ ಮಗ ಕೊಡೆ ಹಿಡಿಯುವುದು ಬಿಟ್ಟ. ನಮ್ಮ ಊರಿನ ಮಳೆಯಲ್ಲಿ ಕೊಡೆ ಇಲ್ಲದೆ ಹೊರಟವನನ್ನು ಜನ ನಿಂತು ನೋಡುತ್ತಾರೆ. ಒಂದು ಸಂಜೆ ಕೆಲಸದಿಂದ ಬರುವಾಗ ನೀರು ಸುರಿಸುತ್ತಾ ನನ್ನ ಅಂಗಡಿಗೆ ಹೊಕ್ಕ. ಕಿವಿಯಿಂದ ಇಯರ್‌ಬಡ್ ಎರಡನ್ನೂ ಕಿತ್ತು, ನನ್ನ ಬಟ್ಟೆಯ ಚೂರೊಂದರಿಂದ ಮೊದಲು ಅವನ್ನು ಒರೆಸಿದ. ಆಮೇಲೆ ತಲೆ.

"ಕೊಡೆ ಎಲ್ಲಿ?" ಎಂದೆ.

"ಕೊಡೆ ಹಿಡಿಯುವವ ಹೆದರುಪುಕ್ಕಲ, ಚಿಕ್ಕಮ್ಮ. ಗಂಡಸು ಮಳೆಗೆ ಎದೆ ಕೊಡಬೇಕು."

"ಹೇಳಿದ್ದು ಯಾರು?"

"ಗುರುಗಳು."

"ಅವರು ಇರುವುದು ಎಲ್ಲಿ?"

"ದುಬೈಯಲ್ಲಿ."

"ಅಲ್ಲಿ ಮಳೆಗಾಲ ಉಂಟಾ?"

ಅವನು ಬಡ್ ಸಿಕ್ಕಿಸಿಕೊಂಡು ಹೋದ. ಮರುದಿನ ಜ್ವರ. ಅಕ್ಕ ಕಾಳುಮೆಣಸಿನ ಕಷಾಯ ಹಿಡಿದು ಮಂಚದ ಪಕ್ಕ ಕೂತು ಇಡೀ ದಿನ ಹೇಳಿದ್ದೇ ಹೇಳಿದ್ದು. "ನಿನಗೆ ಜ್ವರ ಬಂದದ್ದು ನಿನ್ನ ಆ ಗುರುವಿಗೆ ಗೊತ್ತುಂಟಾ? ಹೋಗಲಿ, ನಿನ್ನ ಹೆಸರಾದರೂ ಗೊತ್ತುಂಟಾ?" ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ, ಕಿವಿಯಲ್ಲಿ ಅದೇ ಬಿಳಿ ಬಡ್. ಅಕ್ಕನ ಮುಖ ನೋಡಲಾಗಲಿಲ್ಲ ನನಗೆ.

ಜ್ವರ ಬಿಟ್ಟ ಮೇಲೆ ಮತ್ತೊಂದು ಜಡಿಮಳೆಯ ದಿನ ಅವನು ನನ್ನ ಅಂಗಡಿಯ ಮುಂದೆ ಹಾದುಹೋದ. ಮೈಮೇಲೆ ಮೊಣಕಾಲು ದಾಟಿದ ರೇನ್‌ಕೋಟು, ತಲೆಗೆ ಅದರದೇ ಟೋಪಿ. ನಾನು ನಕ್ಕದ್ದನ್ನು ನೋಡಿ ನಿಂತು ಗಂಭೀರವಾಗಿ ಹೇಳಿದ:

"ಗುರುಗಳು ಕೊಡೆ ಅಂತ ಮಾತ್ರ ಹೇಳಿದ್ದು."

ಇಬ್ಬರು ತಾಯಂದಿರು

ಕಾದಂಬರಿಯ ಹುಡುಗನಿಗೆ ನಾನು ಹೆಸರಿಟ್ಟಿಲ್ಲ. ಜಾತಿ ಧರ್ಮ ಒಂದನ್ನೂ ಹೇಳಿಲ್ಲ. ಬೇಕೆಂದೇ ಹಾಗೆ ಮಾಡಿದ್ದು, ಓದಿದವರು ತಮ್ಮ ಮನೆಯೊಳಗೆ ಒಮ್ಮೆ ಇಣುಕಿ ನೋಡಲಿ ಎಂದು.

ಪುಸ್ತಕ ಬಂದ ಮೇಲೆ ದೇವಸ್ಥಾನದ ಹಿಂದಿನ ಮನೆಯ ತಾಯಿಯೊಬ್ಬರು ಬ್ಲೌಸು ಒಯ್ಯಲು ಬಂದವರು ನನ್ನ ಕೈ ಹಿಡಿದುಕೊಂಡರು. "ಓದಿದೆ ಮಾರಾಯ್ತಿ. ಪಾಪ, ಅವರಲ್ಲಿ ಹುಡುಗರು ಹೀಗೆ ಹಾಳಾಗುವುದು ನೋಡಿದರೆ ಬೇಜಾರಾಗ್ತದೆ." ಅಷ್ಟರಲ್ಲಿ ಮಸೀದಿ ರಸ್ತೆಯ ತಾಯಿಯೊಬ್ಬರು ಚೂಡಿದಾರದ ಬಟ್ಟೆ ಹಿಡಿದು ಬಂದರು. ಮಗಳು ಪುಸ್ತಕವನ್ನು ಅವರಿಗೆ ಓದಿ ಹೇಳಿದ್ದಳಂತೆ. "ನಾನು ಕಣ್ಣೀರು ಹಾಕಿದೆ ಅಕ್ಕ. ನಿಮ್ಮವರಲ್ಲಿ ಹೀಗೂ ಉಂಟು ಅಂತ ನನಗೆ ಗೊತ್ತೇ ಇರಲಿಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಪಾಪ ಎನಿಸಿತು ಇಬ್ಬರಿಗೂ, ಎದುರಿನವರನ್ನು ಕಂಡು. "ಧೈರ್ಯ ತಗೊಳ್ಳಿ, ಎಲ್ಲ ಸರಿಯಾಗ್ತದೆ" ಎಂದು ಇವರು ಅವರಿಗೆ, ಅವರು ಇವರಿಗೆ. ನಾನು ಬಾಯಿ ತೆರೆಯಲು ಜಾಗವೇ ಇರಲಿಲ್ಲ. ಸಮಾಧಾನ ಹೇಳಿಕೊಳ್ಳುತ್ತಾ ಇಬ್ಬರೂ ಒಟ್ಟಿಗೇ ಮೆಟ್ಟಿಲಿಳಿದರು.

ಹೊರಗೆ ಇಬ್ಬರ ಮಕ್ಕಳೂ ಒಂದೇ ಬೈಕಿನ ಮೇಲೆ ಕೂತು, ಒಂದೇ ಫೋನಿನಲ್ಲಿ ಆ ಕೋಟಿನ ಗುರುವನ್ನು ನೋಡುತ್ತಿದ್ದರು.

ಗುರುವಿನ ಎದುರು ತಾಯಿ

ಕೊನೆಗೆ ನಮ್ಮ ವಾಚನಾಲಯದವರು ನನ್ನ ಪುಸ್ತಕದ ಬಗ್ಗೆ ಕಾರ್ಯಕ್ರಮ ಮಾಡುತ್ತೇವೆಂದರು. ನನಗೆ ಕುಶಿಯೋ ಕುಶಿ. ಆದರೆ ಕಾರ್ಯದರ್ಶಿಗಳು ತಲೆ ತುರಿಸಿಕೊಂಡರು. "ಪುಸ್ತಕದ ಚರ್ಚೆ ಅಂದರೆ ನಾನು, ನೀವು ಮತ್ತು ಮೈಕಿನವ ಮಾತ್ರ ಇರುವುದು. ತಾಳಮದ್ದಳೆ ಮಾಡುವ. ಜನ ಆಗ್ತದೆ."

ಹಾಗೆ ನನ್ನ ಕಾದಂಬರಿ ತಾಳಮದ್ದಳೆಯಾಯಿತು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳುತ್ತಾರೆ, ಎದುರುಬದುರು ಕೂತವರು ಪಾತ್ರಗಳಾಗಿ ವಾದಿಸುತ್ತಾರೆ. ಆರಿಸಿದ್ದು ತಾಯಿ ಗುರುವನ್ನು ಹುಡುಕಿಕೊಂಡು ಹೋಗುವ ಅಧ್ಯಾಯ. ಗುರುವಿನ ಪಾತ್ರಕ್ಕೆ ನಿವೃತ್ತ ಹೆಡ್‌ಮಾಷ್ಟ್ರು. ಅವರ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ, ನನ್ನ ಪುಸ್ತಕ ಓದಿಲ್ಲ, ವಾದದಲ್ಲಿ ಸೋತು ಗೊತ್ತಿಲ್ಲ. ತಾಯಿಯ ಪಾತ್ರಕ್ಕೆ ಮಹಿಳಾ ಸಂಘದ ಒಬ್ಬರು. ಅವರಿಗೆ ಅದೇ ದಿನ ಸ್ವರ ಬಿದ್ದುಹೋಯಿತು.

ಕಾರ್ಯದರ್ಶಿಗಳು ಸಭೆಯಲ್ಲೆಲ್ಲ ಕಣ್ಣಾಡಿಸಿದರು. ಹಿಂದಿನ ಬೆಂಚಿನಲ್ಲಿ ಅಕ್ಕನ ಮಗ ಇದ್ದ. ಅಕ್ಕನನ್ನು ಬೈಕಿನಲ್ಲಿ ಕರೆತಂದವನು ಕಿವಿಗೆ ಬಡ್ ಹಾಕಿ ಕೂತಿದ್ದ. ಶಾಲೆಯಲ್ಲಿದ್ದಾಗ ಅವನು ತಾಳಮದ್ದಳೆಗೆ ಕೂರುತ್ತಿದ್ದದ್ದು ಊರಿಗೆಲ್ಲ ಗೊತ್ತು. ಸೀದಾ ಹೋಗಿ ಹೆಗಲಿಗೆ ಶಾಲು ಹಾಕಿ ಎಬ್ಬಿಸಿದರು. ಶಾಲು ಬಿದ್ದ ಮೇಲೆ ನಮ್ಮಲ್ಲಿ ಇಲ್ಲ ಎನ್ನುವಂತಿಲ್ಲ.

"ಗುರುವಿನ ಪಾತ್ರವಾದರೆ ನನಗೆ ಬಾಯಿಪಾಠ" ಎಂದ ಅವನು.

"ಅದು ನನ್ನದು ಮಗ" ಎಂದರು ಹೆಡ್‌ಮಾಷ್ಟ್ರು. "ನೀನು ತಾಯಿ. ಕಿವಿಯದ್ದು ತೆಗೆದಿಡು. ಕೂತ ಪಕ್ಷಕ್ಕೆ ಮೋಸ ಮಾಡಬಾರದು, ನೆನಪಿಟ್ಟುಕೋ."

ಮಾಷ್ಟ್ರು ಶುರು ಮಾಡಿದರು. "ಅಮ್ಮಾ, ನಿನ್ನ ಮಗ ಸಿಂಹ. ಅವನ ಸೋಲಿಗೆ ಅವನು ಕಾರಣನಲ್ಲ, ಲೋಕವೇ ಅವನಿಗೆ ಅನ್ಯಾಯ ಮಾಡಿದೆ. ನೀನು ಅವನನ್ನು ಅಡುಗೆಮನೆಯ ಬಾಗಿಲಿಗೆ ಕಟ್ಟಿಹಾಕಿದೆ. ನಾನು ಬಿಚ್ಚಿದೆ!" ಸಭೆ ತಲೆದೂಗಿತು. ನನ್ನ ಪಕ್ಕದಲ್ಲಿದ್ದ ಕಾರ್ಯದರ್ಶಿಗಳು, "ಮಾಷ್ಟ್ರು ಹೇಳುವುದು ಸರಿ ಅಂತ ಕಾಣ್ತದೆ" ಎಂದರು. ಬರೆದ ನನಗೇ ಹೆದರಿಕೆಯಾಯಿತು.

ಹುಡುಗ ಶಾಲಿನ ಅಂಚು ತಿರುಚುತ್ತಾ ಕೂತ. ಅವನ ಗುರು ಹೇಳುವುದನ್ನೇ ಮಾಷ್ಟ್ರು ಹೇಳಿಯಾಗಿತ್ತು. ಭಾಗವತರು ಕರುಣೆಯಿಂದ ಪದವನ್ನು ಮತ್ತೊಮ್ಮೆ ಹಾಡಿದರು. ಅಕ್ಕ ಕಣ್ಣು ಮುಚ್ಚಿಕೊಂಡಳು. ಆಗ ಅವನು "ಅಯ್ಯೋ ಪರಮಾತ್ಮ" ಎಂದು ಉಸಿರು ಬಿಟ್ಟ. ಅಕ್ಕ ಬಿಡುವಂಥದೇ ಉಸಿರು.

"ಸಿಂಹ ಅಂದಿರಿ, ಸಂತೋಷ. ಆ ಸಿಂಹದ ಹೆಸರೆಂತ, ಹೇಳಿ ನೋಡುವ?"

ಮಾಷ್ಟ್ರು ಬಾಯಿ ತೆರೆದು ನನ್ನತ್ತ ನೋಡಿದರು. ನಾನೇ ಇಡದ ಹೆಸರನ್ನು ಅವರಿಗೆ ಎಲ್ಲಿಂದ ಕೊಡಲಿ?

"ಗೊತ್ತಿಲ್ಲ ಅಲ್ಲವಾ? ಅವನಿಗೆ ಜ್ವರ ಬಂದದ್ದು ಗೊತ್ತುಂಟಾ? ಬದನೆ ತಿಂದರೆ ಮೈ ತುರಿಸುವುದು ಗೊತ್ತುಂಟಾ? ಕಷಾಯ ಮಾಡಿ ಕೊಡ್ಲಿಕ್ಕೆ ದುಬೈಯಿಂದ ಬರ್ತೀರಾ? ಗುರುಗಳೇ, ನಿಮಗೆ ಲಕ್ಷ ಜನರಲ್ಲಿ ಅವನೂ ಒಬ್ಬ. ನನಗೆ ಇರುವುದೇ ಅವನೊಬ್ಬ."

ಮಾಷ್ಟ್ರು ಕೈ ಮುಗಿದು, "ಸೋತೆ ತಾಯೇ" ಎಂದರು. ಚಪ್ಪಾಳೆಯ ನಡುವೆ ಅಕ್ಕ ನನ್ನ ತೋಳನ್ನು ಹಿಂಡಿಬಿಟ್ಟಳು. "ಎಲ್ಲ ನನ್ನ ಮಾತೇ ಮಾರಾಯ್ತಿ! ಒಂದನ್ನೂ ಬಿಟ್ಟಿಲ್ಲ!" ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. ನಾನೂ ಅತ್ತೆ.

ಬೈಕಿನ ಹತ್ತಿರ ಬಂದಾಗ ಅಕ್ಕನಿಗೆ ಸಂಶಯ ಶುರುವಾಯಿತು. "ಅಲ್ಲ ಮಗ, ದಿನವಿಡೀ ಕಿವಿಯಲ್ಲಿ ಅದು ಇದ್ದು ನನ್ನ ಮಾತು ನಿನಗೆ ಕೇಳಿದ್ದು ಹೇಗೆ?"

ಅವನು ಕಿಸೆಯಿಂದ ಬಡ್ ತೆಗೆದು ತೋರಿಸಿದ. "ಇದು ಆ ದಿನ ಮಳೆಗೆ ನೆನೆದಾಗಲೇ ಹಾಳಾಗಿದೆ ಅಮ್ಮ. ಆಮೇಲೆ ಸ್ವರವೇ ಬರಲಿಲ್ಲ."

"ಮತ್ತೆ ಎಂತಕ್ಕೆ ಹಾಕಿಕೊಳ್ಳುವುದು?"

"ತೆಗೆದರೆ ನಿನಗೆ ಉತ್ತರ ಕೊಡಬೇಕಲ್ಲ!"